ಸಹ ಆರೋಪಿಯ ತಪ್ಪೊಪ್ಪಿಗೆ: ಒಂದು ಸ್ಪಷ್ಟನೆ

ಅಪಹರಣ ಮತ್ತು ಕೊಲೆ ಪ್ರಕರಣದಲ್ಲಿ ಒಬ್ಬ ಆರೋಪಿ ಠಾಣೆಯಲ್ಲಿ ತಪ್ಪೊಪ್ಪಿಕೊಂಡರೆ ಉಳಿದವರಿಗೂ ಶಿಕ್ಷೆ ಖಚಿತ ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಅದು ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಂತೆ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಹೇಳಿದವನ ವಿರುದ್ಧವೇ ರುಜುವಾತುಪಡಿಸುವಂತಿಲ್ಲ. ಇನ್ನು ಜೊತೆಯವರ ಮಾತೆಲ್ಲಿ ಬಂತು? ಬಂಧನದಲ್ಲಿರುವವನು "ಕೊಡಲಿಯನ್ನು ತೊಗರಿ ಹೊಲದ ಬದುವಿನಲ್ಲಿ ಹೂತಿದ್ದೇನೆ, ಅದರಿಂದಲೇ ಕೊಂದೆ" ಎಂದು ಹೇಳಿ, ಕೊಡಲಿ ಅಲ್ಲಿಯೇ ಸಿಕ್ಕರೆ, ಹೂತ ಜಾಗದ ಕುರಿತ ಮಾತಷ್ಟೇ ಸಾಕ್ಷ್ಯವಾಗುತ್ತದೆ, "ಕೊಂದೆ" ಎಂಬುದು ಆಗುವುದಿಲ್ಲ. ಪಂಚನಾಮೆ ಓದುವಾಗ ಬಹಳ ಜನ ಎಡವುವುದು ಇಲ್ಲಿಯೇ.

ಮ್ಯಾಜಿಸ್ಟ್ರೇಟರ ಮುಂದೆ ಸ್ವಇಚ್ಛೆಯಿಂದ ನೀಡಿದ ಹೇಳಿಕೆಯ ಬೆಲೆ ಬೇರೆ. ಅದು ಹೇಳಿದವನನ್ನೂ ಸಿಲುಕಿಸುವಂತಿದ್ದು, ಒಂದೇ ಅಪರಾಧಕ್ಕೆ ಜಂಟಿ ವಿಚಾರಣೆ ನಡೆಯುತ್ತಿದ್ದರೆ ಸಹ ಆರೋಪಿಯ ವಿರುದ್ಧ ಪರಿಗಣಿಸಬಹುದು. ಆದರೆ ಕಶ್ಮೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1952ರಲ್ಲಿಯೇ ಹೇಳಿದಂತೆ, ಮೊದಲು ಉಳಿದ ಸಾಕ್ಷ್ಯವನ್ನು ತೂಗಿ ನೋಡಿ, ಆಮೇಲೆ ಅದಕ್ಕೆ ಬೆಂಬಲವಾಗಿ ಮಾತ್ರ. ಅಪರಾಧದಲ್ಲಿ ತಾನೂ ಪಾಲುಗೊಂಡು, ಆಮೇಲೆ ಕ್ಷಮಾದಾನ ಪಡೆದು, ಕಟಕಟೆಯಲ್ಲಿ ನಿಂತು ಪಾಟೀ ಸವಾಲಿಗೆ ಉತ್ತರಿಸುವ ಮಾಫಿ ಸಾಕ್ಷಿಯ ನುಡಿ ಇದಕ್ಕಿಂತ ಗಟ್ಟಿ. ಅದಕ್ಕೂ ಇದೇ ಅಧಿನಿಯಮದ 138ನೇ ಕಲಮು ಪುಷ್ಟೀಕರಣ, ಅಂದರೆ ಬೇರೆ ಸಾಕ್ಷ್ಯದ ಬೆಂಬಲ, ಕೇಳುತ್ತದೆ.