ಪಿಆರ್ ಸಿಕ್ಕಿದ ಮೇಲೆ ಪೌರತ್ವವೂ ಬೇಕೇ?

ಪರ: ‘ಕಾಯಂ’ ಎಂಬ ಮಾತನ್ನು ನಂಬಿ ಕೂರಬೇಡಿ

ಪರದೇಶದಲ್ಲಿ ವರ್ಷಗಟ್ಟಲೆ ವೀಸಾ ನವೀಕರಣದ ಧಾವಂತದಲ್ಲಿ ಬದುಕಿದವರಿಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಕೈಗೆ ಬಂದ ದಿನ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತದೆ. ಇನ್ನು ಕೆಲಸ ಹೋದರೂ ದೇಶ ಬಿಡಬೇಕಿಲ್ಲ, ಬೇರೆ ಕಂಪನಿ ಸೇರಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ನೆಮ್ಮದಿಯಲ್ಲೇ ಬಹಳ ಜನ ನಿಂತುಬಿಡುತ್ತಾರೆ. ‘ಸಿಟಿಜನ್‌ಶಿಪ್ಪಿಗೆ ಆಮೇಲೆ ಹಾಕಿದರಾಯ್ತು’ ಎನ್ನುತ್ತಲೇ ಹತ್ತು ವರ್ಷ, ಇಪ್ಪತ್ತು ವರ್ಷ ದೂಡುತ್ತಾರೆ. ನನ್ನ ತಕರಾರು ಇರುವುದು ಈ ‘ಆಮೇಲೆ’ಯ ಬಗ್ಗೆ.

ಕಾಯಂ ವಾಸ ಎಂಬುದು ನೀವು ಅಲ್ಲೇ ವಾಸವಿದ್ದಷ್ಟು ಕಾಲ ಮಾತ್ರ ಕಾಯಂ. ಕೆನಡಾದ ಪಿಆರ್ ಉಳಿಯಬೇಕಾದರೆ ಪ್ರತಿ 5 ವರ್ಷದ ಅವಧಿಯಲ್ಲಿ 730 ದಿನದ ಲೆಕ್ಕ ಒಪ್ಪಿಸಬೇಕು. ಬ್ರಿಟನ್ನಿನಲ್ಲಿ ಅನಿರ್ದಿಷ್ಟ ಕಾಲ ಇರಲು ಅನುಮತಿ ಪಡೆದವರು ಸತತ 2 ವರ್ಷ ಹೊರಗಿದ್ದರೆ ಸಾಮಾನ್ಯವಾಗಿ ಆ ಅನುಮತಿಯೇ ಬಿದ್ದುಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಪಿಆರ್ ಜೊತೆಗೆ ಬರುವ ಓಡಾಟದ ಸೌಲಭ್ಯಕ್ಕೆ 5 ವರ್ಷದ ಆಯುಸ್ಸು. ಅದು ಮುಗಿದ ಮೇಲೆ ಹೊರಗೆ ಹೋದವರು ಒಳಗೆ ಬರಲು ಇನ್ನೊಂದು ವೀಸಾ ಕೇಳಬೇಕು. ಅಮೆರಿಕದ ಪಿಆರ್ ಆದ ಗ್ರೀನ್ ಕಾರ್ಡಿನವರು 6 ತಿಂಗಳಿಗಿಂತ ಹೆಚ್ಚು ಹೊರಗಿದ್ದು ಬಂದರೆ ವಿಮಾನ ನಿಲ್ದಾಣದಲ್ಲೇ ಪ್ರಶ್ನೆಗಳು ಶುರುವಾಗಬಹುದು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಹೋದ ಮಗಳು ತಾಯಿಯ ಔಷಧದ ಜೊತೆಗೆ ತನ್ನ ದಿನಗಳನ್ನೂ ಎಣಿಸುತ್ತ ಕೂರಬೇಕಾಗುವುದು ಇದರಿಂದಲೇ.

ಇವೆಲ್ಲ ಕ್ಯಾಲೆಂಡರ್ ನೋಡಿಕೊಂಡು ನಿಭಾಯಿಸಬಹುದಾದ ತೊಡಕುಗಳು. ನನ್ನನ್ನು ನಿಜವಾಗಿ ಅಂಜಿಸಿದ್ದು ಹೊಸೆ ಪಡಿಯಾ ಎಂಬ ಲಾರಿ ಚಾಲಕನ ಮೊಕದ್ದಮೆ. ಹೊಂಡುರಾಸ್‌ನಲ್ಲಿ ಹುಟ್ಟಿದ ಈತ 40 ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಕಾಯಂ ನಿವಾಸಿಯಾಗಿದ್ದವನು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಆ ದೇಶದ ಸೇನೆಯಲ್ಲಿ ದುಡಿದವನು. ಕೆಂಟಕಿಯಲ್ಲಿ ಅವನ ಲಾರಿಯಲ್ಲಿ ಗಾಂಜಾ ಸಿಕ್ಕಿತು. ‘ಇಷ್ಟು ವರ್ಷದಿಂದ ಇಲ್ಲಿದ್ದೀಯ, ವಲಸೆಯ ವಿಚಾರದಲ್ಲಿ ಚಿಂತೆ ಬೇಡ’ ಎಂದ ವಕೀಲನ ಮಾತು ಕೇಳಿ ತಪ್ಪೊಪ್ಪಿಕೊಂಡ. ಆ ಒಪ್ಪಿಗೆಯೇ ಗಡಿಪಾರಿಗೆ ದಾರಿಯಾಯಿತು. ಇಂಥ ಪ್ರಕರಣದಲ್ಲಿ ಗಡಿಪಾರಿನ ಅಪಾಯವನ್ನು ವಕೀಲ ತನ್ನ ಕಕ್ಷಿದಾರನಿಗೆ ಹೇಳಲೇಬೇಕು ಎಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಗಮನಿಸಿ, ಗಡಿಪಾರು ಮಾಡಬಾರದು ಎಂದು ಅದು ಹೇಳಲಿಲ್ಲ. ಅದೇ ಗಾಂಜಾ, ಅದೇ ಲಾರಿ, ಆದರೆ ಚಾಲಕ ಪೌರನಾಗಿದ್ದರೆ ಶಿಕ್ಷೆ ಅನುಭವಿಸಿ ಮನೆಗೆ ಹೋಗುತ್ತಿದ್ದ.

‘ನಾನು ಗಾಂಜಾ ಸಾಗಿಸುವವನಲ್ಲ’ ಎನ್ನುತ್ತೀರಿ. ಸರಿ. ಏನೂ ಮಾಡದವರ ಕಥೆಯನ್ನೂ ಕೇಳಿ. 1973ಕ್ಕೆ ಮೊದಲು ಕೆರಿಬಿಯನ್ ದ್ವೀಪಗಳಿಂದ ಬ್ರಿಟನ್ನಿಗೆ ಬಂದು ನೆಲೆಸಿದವರಿಗೆ ಅಲ್ಲಿರುವ ಹಕ್ಕು ಕಾನೂನಿನಲ್ಲೇ ಇತ್ತು. ಆದರೆ ಅದನ್ನು ತೋರಿಸುವ ಕಾಗದ ಬಹಳ ಜನರ ಬಳಿ ಇರಲಿಲ್ಲ. ಸರ್ಕಾರ ಕೊಟ್ಟೂ ಇರಲಿಲ್ಲ. ಅವರಲ್ಲಿ ಕೆಲವರು ಬಂದಿಳಿದದ್ದಕ್ಕೆ ಸಾಕ್ಷಿಯಾಗಬಹುದಾಗಿದ್ದ ಹಳೆಯ ಚೀಟಿಗಳನ್ನು 2010ರಲ್ಲಿ ಸರ್ಕಾರವೇ ನಾಶಮಾಡಿತ್ತು. ಮುಂದೆ ನೌಕರಿಗೆ, ಬಾಡಿಗೆ ಮನೆಗೆ, ಚಿಕಿತ್ಸೆಗೆ ಎಲ್ಲದಕ್ಕೂ ದಾಖಲೆ ಕೇಳುವ ಕಾಲ ಬಂದಾಗ ಬಾಲ್ಯದಿಂದ ಅಲ್ಲೇ ಬೆಳೆದು ಮುದುಕರಾದವರು ಅಕ್ರಮ ವಲಸಿಗರೆನಿಸಿಕೊಂಡರು. ಕೆಲವರನ್ನು ಬಂಧಿಸಿದರು, ಕೆಲವರನ್ನು ದೇಶದಿಂದಲೇ ಹೊರಗೆ ಹಾಕಿದರು. 2018ರಲ್ಲಿ ಇದು ವಿಂಡ್‌ರಶ್ ಹಗರಣವಾಗಿ ಹೊರಬಂತು. ಪೌರತ್ವದ ಪ್ರಮಾಣಪತ್ರವೋ ಆ ದೇಶದ ಪಾಸ್‌ಪೋರ್ಟೋ ಕಪಾಟಿನಲ್ಲಿದ್ದವರ ತಂಟೆಗೆ ಯಾರೂ ಹೋಗಲಿಲ್ಲ.

ಮತದಾನದ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಎಳೆಯುವುದಿಲ್ಲ. ನ್ಯೂಜಿಲೆಂಡಿನಂಥ ಬೆರಳೆಣಿಕೆಯ ದೇಶಗಳು ಮಾತ್ರ ಪೌರರಲ್ಲದ ನಿವಾಸಿಗಳಿಗೂ ಸಂಸತ್ ಚುನಾವಣೆಯಲ್ಲಿ ಓಟು ಕೊಡುತ್ತವೆ. ಉಳಿದೆಡೆ ತೆರಿಗೆ ನಿಮ್ಮದು, ಅದನ್ನು ಎಲ್ಲಿ ಸುರಿಯಬೇಕು ಎಂಬ ತೀರ್ಮಾನ ಬೇರೆಯವರದು.

ಕಾಯುವವರಿಗೆ ಇನ್ನೊಂದು ಮಾತು. ಜರ್ಮನಿ 2024ರ ಜೂನ್‌ನಲ್ಲಿ ಪೌರತ್ವಕ್ಕೆ ಬೇಕಾದ ವಾಸವನ್ನು 8 ವರ್ಷದಿಂದ 5ಕ್ಕೆ ಇಳಿಸಿತು, ಹಳೆಯ ಪೌರತ್ವವನ್ನೂ ಉಳಿಸಿಕೊಳ್ಳಿ ಎಂದಿತು. ಚೆನ್ನಾಗಿ ಬೆರೆತವರಿಗೆ 3 ವರ್ಷದ ಒಳದಾರಿಯೊಂದನ್ನೂ ತೆರೆಯಿತು. ಮರುವರ್ಷದ ಅಕ್ಟೋಬರಿಗೆ ಆ ಒಳದಾರಿ ಮುಚ್ಚಿತ್ತು. ಅರ್ಹತೆ ಬಂದ ದಿನವೇ ಅರ್ಜಿ ಹಾಕಿದವರು ಒಳಗೆ ಹೋದರು. ‘ನೋಡೋಣ’ ಎಂದವರು ಇನ್ನೂ ನೋಡುತ್ತಿದ್ದಾರೆ.

ವಿರೋಧ: ಕೊಟ್ಟದ್ದನ್ನು ಮರಳಿ ಕೇಳಲಾಗದು

ಪೇಶಾವರದ ವೈಷ್ಣೋ ದಾಸ್ ಬಗಾಯಿ 1915ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದರು. ಅಂಗಡಿ ಇಟ್ಟರು, ಮನೆ ಕೊಂಡರು, 1921ರಲ್ಲಿ ಅಮೆರಿಕದ ಪೌರರಾದರು. ಎರಡೇ ವರ್ಷಕ್ಕೆ, ಭಗತ್ ಸಿಂಗ್ ಥಿಂಡ್ ಎಂಬ ಇನ್ನೊಬ್ಬ ಭಾರತೀಯ ವಲಸಿಗನ ಮೊಕದ್ದಮೆಯಲ್ಲಿ, ಭಾರತೀಯರು ಆಗಿನ ಕಾನೂನು ಹೇಳುವ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗಲೇ ಪೌರರಾಗಿದ್ದವರಿಂದಲೂ ಸರ್ಕಾರ ಪೌರತ್ವ ಕಿತ್ತುಕೊಳ್ಳತೊಡಗಿತು. ಬಗಾಯಿ ಅದನ್ನೂ ಕಳೆದುಕೊಂಡರು, ಪರದೇಶಿಗಳು ನೆಲ ಹೊಂದಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನಿನಿಂದ ಆಸ್ತಿಯನ್ನೂ ಕಳೆದುಕೊಂಡರು. ಬಂಧುಗಳನ್ನು ನೋಡಿಬರಲು ಪಾಸ್‌ಪೋರ್ಟ್ ಕೇಳಿದರೆ ಅದನ್ನೂ ಕೊಡಲಿಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

ಹಳೆಯ ಕಥೆ ಎನ್ನುವಿರೇನೋ. ಒಪ್ಪಿದೆ. 1967ರ ತೀರ್ಪೊಂದರ ನಂತರ ಅಮೆರಿಕ ತನ್ನ ಪೌರನ ಪೌರತ್ವವನ್ನು ಅವನ ಇಚ್ಛೆಗೆ ವಿರುದ್ಧವಾಗಿ ಸುಲಭಕ್ಕೆ ಕಸಿಯಲಾರದು. ಆದರೆ ಅರ್ಜಿಯಲ್ಲಿ ವಂಚನೆ ಇತ್ತೆಂದು ಸಾಬೀತಾದರೆ ಎಷ್ಟೋ ವರ್ಷದ ಮೇಲೂ ಅದನ್ನು ರದ್ದು ಮಾಡಬಹುದು. ಬ್ರಿಟನ್ 2014ರಲ್ಲಿ ಇನ್ನೂ ಒಂದು ಹೆಜ್ಜೆ ಹೋಯಿತು: ದೇಶದ ಹಿತಕ್ಕೆ ಗಂಭೀರ ಧಕ್ಕೆ ತಂದವನು, ಬೇರೆ ಕಡೆ ಪೌರತ್ವ ಸಿಗಬಹುದೆಂದು ನಂಬಲು ಕಾರಣವಿದ್ದರೆ, ಸದ್ಯಕ್ಕೆ ಯಾವ ದೇಶಕ್ಕೂ ಸೇರದವನಾದರೂ ಸರಿ, ಅವನ ಪೌರತ್ವ ತೆಗೆಯಬಹುದು. ಈ ಕಲಮು ಅನ್ವಯಿಸುವುದು ಅರ್ಜಿ ಹಾಕಿ ಪೌರರಾದವರಿಗೆ ಮಾತ್ರ, ಹುಟ್ಟಿನಿಂದ ಪೌರರಾದವರಿಗಲ್ಲ. ಪಡಿಯಾನ ಮೊಕದ್ದಮೆ ಓದಿ ಅಂಜಿದವರು ಇದನ್ನೂ ಓದಿಕೊಳ್ಳಲಿ.

ಈ ಹೊಸ ಪೌರತ್ವಕ್ಕಾಗಿ ಕೊಡಬೇಕಾದದ್ದು ಏನು? ಎರಡೂ ಪೌರತ್ವ ಇಟ್ಟುಕೊಳ್ಳಲು ಬಿಡುವ ದೇಶದವರಿಗೆ ಈ ಪ್ರಶ್ನೆಯೇ ಇಲ್ಲ. ಅವರು ಧಾರಾಳವಾಗಿ ಅರ್ಜಿ ಹಾಕಲಿ. ಭಾರತ, ಚೀನಾ, ಜಪಾನ್, ಸಿಂಗಪುರದವರಿಗೆ ಆ ಭಾಗ್ಯವಿಲ್ಲ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಇನ್ನೊಂದು ಪೌರತ್ವ ಪಡೆದರೆ ಭಾರತದ್ದು ತಾನಾಗಿಯೇ ಮುಗಿಯುತ್ತದೆ. ‘ಬಿಡುತ್ತೇನೆ’ ಎಂದು ಎಲ್ಲೂ ಬರೆದುಕೊಡಬೇಕಿಲ್ಲ.

‘ಓಸಿಐ ಇದೆಯಲ್ಲ’ ಎಂಬುದು ಸಿದ್ಧ ಉತ್ತರ; ಅಂದರೆ ಪರದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ನೋಂದಣಿ. ಇದೆ. ಜೀವನಪೂರ್ತಿ ವೀಸಾ ಇಲ್ಲದೆ ಹೋಗಿಬರಬಹುದು, ಇರಬಹುದು, ದುಡಿಯಬಹುದು. ಆದರೆ ಓಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ, ಮತ್ತು ಸರ್ಕಾರ ಕಾರಣ ಕೊಟ್ಟು ನೋಂದಣಿ ರದ್ದು ಮಾಡಬಹುದು. ಈ ಪಟ್ಟಿ ಎಲ್ಲೋ ಕೇಳಿದಂತಿದೆಯೇ? ಪಿಆರ್ ಮೇಲೆ ಹೊರಿಸಿದ ಆರೋಪಗಳೇ ಇವು. ಬಂದ ದೇಶದಲ್ಲಿ ಪೂರ್ತಿ ಪೌರರಾಗುವ ಅವಸರದಲ್ಲಿ ಹುಟ್ಟಿದ ದೇಶದಲ್ಲಿ ಪಿಆರ್ ಆಗಿಬಿಟ್ಟಿರಿ! ಮರಳಿ ಪೌರರಾಗಬೇಕೆಂದರೆ ಹೊಸದನ್ನು ಬಿಡಬೇಕು, ಮತ್ತೆ ಅರ್ಜಿ ಹಾಕಿ ಕಾಯಬೇಕು.

ತೆರಿಗೆಯ ಗಂಟು ಅಮೆರಿಕಕ್ಕೆ ಹೋದವರದು. ತನ್ನ ಪೌರ ಭೂಮಿಯ ಯಾವ ಮೂಲೆಯಲ್ಲಿದ್ದರೂ ಆ ದೇಶ ಅವನ ಆದಾಯದ ಲೆಕ್ಕ ಕೇಳುತ್ತದೆ. ಗ್ರೀನ್ ಕಾರ್ಡಿನವರಿಗೂ ಹೀಗೇ, ಮತ್ತು ಅದನ್ನು ಬಹಳ ವರ್ಷ ಇಟ್ಟುಕೊಂಡು ಬಿಟ್ಟವರಿಗೂ ಹೊರಹೋಗುವ ತೆರಿಗೆ ತಗುಲಬಹುದು. ಆದರೆ ಕಾರ್ಡನ್ನು ಒಂದು ದಿನ ಹಿಂದಿರುಗಿಸಿದರೆ ಅವರ ಹಳೆಯ ಪೌರತ್ವ ಹಾಗೇ ಉಳಿದಿರುತ್ತದೆ. ಪೌರತ್ವವನ್ನೇ ಬಿಡುವವರು ಮೊದಲು ಇನ್ನೊಂದು ದೇಶ ಹುಡುಕಿಕೊಂಡಿರಬೇಕು.

ಹಿಂತಿರುಗಲು ನೆಲವೇ ಇಲ್ಲದ ನಿರಾಶ್ರಿತರಿಗೆ ನಾನು ಇದನ್ನೆಲ್ಲ ಹೇಳುತ್ತಿಲ್ಲ. ಅವರಿಗೆ ಪೌರತ್ವ ಅನ್ನದಷ್ಟೇ ಅಗತ್ಯ. ನನ್ನ ಮಾತು ಹಿಂದೆ ಒಂದು ಬಾಗಿಲು ತೆರೆದೇ ಇರುವವರಿಗೆ. ಅಮೆರಿಕದ ಪ್ರಮಾಣವಚನದಲ್ಲಿ ಬೇರೆ ಯಾವುದೇ ರಾಜ, ರಾಜ್ಯಕ್ಕೆ ತೋರುವ ನಿಷ್ಠೆಯನ್ನು ಪೂರ್ತಿಯಾಗಿ ತೊರೆಯುತ್ತೇನೆ ಎಂಬ ಮಾತಿದೆ. ‘ಬಾಯಿಮಾತಿಗೆ ಹೇಳಿಬಿಡಿ, ಪಾಸ್‌ಪೋರ್ಟ್ ಕೈಗೆ ಬಂದರೆ ಸಾಕು’ ಎಂದು ಸಲಹೆ ಕೊಡುವವರನ್ನು ಕಂಡಿದ್ದೇನೆ. ಮನಸ್ಸಿನಿಂದ ಹೇಳುವವರ ಬಗ್ಗೆ ನನಗೆ ಗೌರವವಿದೆ. ವಿಮೆಯ ಕಂತು ಕಟ್ಟಿದಂತೆ ಕೈಯೆತ್ತಿ ಹೇಳುವುದು ನನ್ನಿಂದಾಗದು.

ಹಾಸಿಗೆ ಹಿಡಿದ ತಾಯಿಯ ಪ್ರಶ್ನೆ ಉಳಿಯಿತು. ಗ್ರೀನ್ ಕಾರ್ಡಿನವರು ಹೊರಡುವ ಮೊದಲೇ ಮರಳಿ ಒಳಬರುವ ಅನುಮತಿಗೆ (ರೀ-ಎಂಟ್ರಿ ಪರ್ಮಿಟ್) ಅರ್ಜಿ ಹಾಕಿದರೆ 2 ವರ್ಷದವರೆಗಿನ ಅವಕಾಶ ಸಿಗುತ್ತದೆ. ಅದೂ ಮುಗಿದು ಕಾರ್ಡೇ ಹೋದರೆ, ಆ ಮಗಳು ತಾಯಿಯ ಬಳಿ ಉಳಿಯಲು ಯಾರ ಪರವಾನಗಿಯನ್ನೂ ಕೇಳಬೇಕಿಲ್ಲ.