ಸತ್ಯಾಂಶ: ಕೋಚ್ ಬಾಯಿಮಾತಿನ ‘ಆಫರ್’ ಸ್ಕಾಲರ್‌ಶಿಪ್ ಅಲ್ಲ

‘ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಕೋಚ್ ಆಫರ್ ಕೊಟ್ಟರೆ ನಾಲ್ಕು ವರ್ಷ ಓದು ಉಚಿತ’ ಎಂಬ ಫಾರ್ವರ್ಡ್ ಸಂದೇಶ ತಪ್ಪು.

ಬಾಯಿಮಾತಿನ ಆಫರ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಅದೇ ಸ್ಥಾನಕ್ಕೆ ಇನ್ನೊಬ್ಬ ಹುಡುಗ ಒಪ್ಪಿಕೊಂಡರೆ ಅಥವಾ ಕೋಚ್ ಬದಲಾದರೆ ಮಾತು ಅಲ್ಲಿಗೇ ಮುಗಿಯಿತು. ಲಿಖಿತ ಆಫರ್‌ಗೆ ಅವಕಾಶ ಹನ್ನೆರಡನೇ ತರಗತಿಯ ಆಗಸ್ಟ್ 1ರಿಂದ. ಸ್ಕಾಲರ್‌ಶಿಪ್ ಒಪ್ಪಂದಕ್ಕೆ ಸಹಿ ಶುರುವಾಗುವುದು ಡಿಸೆಂಬರ್ ಆರಂಭದಲ್ಲಿ. ಸಹಿಗೆ ಮುನ್ನ ಒಪ್ಪಂದದಲ್ಲಿ ಅವಧಿ ನೋಡಿ. ಒಂದೇ ವರ್ಷದ್ದಾದರೆ ನವೀಕರಣ ಖಾತರಿಯಿಲ್ಲ; ನವೀಕರಿಸದಿದ್ದರೆ ಕಾಲೇಜು ಜುಲೈ 1ರೊಳಗೆ ಬರೆದು ತಿಳಿಸಬೇಕು. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ ಇವುಗಳಲ್ಲಿ ಯಾವುದಕ್ಕೆ ಎಷ್ಟು ಎಂಬುದನ್ನೂ ಸಾಲುಸಾಲಾಗಿ ಓದಿ.

‘ಪ್ರಿಫರ್ಡ್ ವಾಕ್-ಆನ್’ ಎಂದರೆ ತಂಡದಲ್ಲಿ ಜಾಗ ಮಾತ್ರ, ಹಣವಿಲ್ಲ. ಬಹಳ ಮನೆಗಳು ಎಡವುವುದು ಇಲ್ಲೇ. ಐವಿ ಲೀಗ್ (ಹಾರ್ವರ್ಡ್, ಯೇಲ್‌ನಂಥ ಎಂಟು ವಿಶ್ವವಿದ್ಯಾಲಯಗಳ ಗುಂಪು), ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರನೇ ಹಂತ) ಕಾಲೇಜುಗಳಲ್ಲಂತೂ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ.