ಇದು ಎಷ್ಟನೇ ವಿಷಲ್?

ನಿನ್ನೆ ಸಾರಿನಲ್ಲಿ ಬೇಳೆ ಕಡಲೆಬೀಜದ ಹಾಗೆ ಹಲ್ಲಿಗೆ ಸಿಕ್ಕಿತು. ತಪ್ಪು ಕುಕ್ಕರಿನದಲ್ಲ, ಪಕ್ಕದ ಮನೆ ತಾತನದು.

ನಾವಿರುವುದು ಅಮೆರಿಕದ ಮ್ಯಾಡಿಸನ್‌ನಲ್ಲಿ. ಆಸ್ಕರ್ ಮೇಯರ್ ಸಾಸೇಜ್ ಕಂಪನಿಯ 'ವೀನರ್‌ಮೊಬೈಲ್' ಓಡಿಸುವವರಿಗೆ ತರಬೇತಿ ಕೊಡುವ ಊರು ಇದೇ. ಬನ್ನಿನೊಳಗೆ ಸಾಸೇಜ್ ಮಲಗಿದಂತಿರುವ ಗಾಡಿ ಅದು. 1936ರಲ್ಲಿ ಹುಟ್ಟಿದಾಗ 13 ಅಡಿ ಇತ್ತಂತೆ, ಈಗ 27 ಅಡಿ. ಓಡಿಸಲು ವರ್ಷಕ್ಕೆ 12 ಜನ ಬೇಕು, ಅರ್ಜಿ ಸಾವಿರಾರು. ನಮ್ಮ ಕಡೆ ಸರ್ಕಾರಿ ಕೆಲಸಕ್ಕೂ ಇದೇ ಕಥೆ ಬಿಡಿ.

ಗಾಡಿ ಹೋದಲ್ಲೆಲ್ಲ ಮಕ್ಕಳಿಗೆ ಅದೇ ಆಕಾರದ ಪ್ಲಾಸ್ಟಿಕ್ ಪೀಪಿ ಹಂಚುವುದು 1950ರ ದಶಕದಿಂದ ಬಂದ ರೂಢಿ. ತಾತ ಹುಡುಗನಾಗಿದ್ದಾಗ ಸಿಕ್ಕ ಪೀಪಿಯನ್ನು ಇಷ್ಟು ವರ್ಷ ಜೋಪಾನ ಮಾಡಿ, ಹೋಗಿ ಹೋಗಿ ನನ್ನ ಮಗನ ಕೈಗೆ ಕೊಟ್ಟಿದ್ದಾರೆ. 1952ರ ಗಾಡಿಯೊಂದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಪೀಪಿಯನ್ನೂ ಅಲ್ಲಿಗೇ ಕೊಡಬಹುದಿತ್ತಲ್ವಾ?

ಹಾಸನದಿಂದ ಬಂದಿರುವ ಅತ್ತೆ ಹಾಲ್‌ನಲ್ಲಿ ಕೂತು ಹೂಬತ್ತಿ ಮಾಡುತ್ತಾರೆ. ಕುಕ್ಕರ್ ಜವಾಬ್ದಾರಿ ಅವರದು. ಒಂದು ವಿಷಲ್ ಆದರೆ ಒಂದು ಬತ್ತಿ ತಟ್ಟೆಯ ಅಂಚಿಗೆ. ಲೆಕ್ಕ ತಪ್ಪಿದ್ದೇ ಇಲ್ಲ. ನಿನ್ನೆ ನಾನು ಮಹಡಿ ಮೇಲೆ ಆಫೀಸ್ ಮೀಟಿಂಗ್‌ನಲ್ಲಿದ್ದೆ. ಮಗ ಸೋಫಾ ಹಿಂದೆ ಸೇರಿಕೊಂಡು ಊದಿದ. ಒಂದು ಬತ್ತಿ ಅಂಚಿಗೆ ಹೋಯಿತು. ಮತ್ತೆ ಊದಿದ, ಇನ್ನೊಂದು. ಮೂರನೆಯದಕ್ಕೆ ಅತ್ತೆ ಎದ್ದು, "ಮೂರಾಯ್ತು, ಆಫ್ ಮಾಡ್ದೆ ಕಣೇ!" ಎಂದು ಕೂಗಿದರು. ಮೀಟಿಂಗ್‌ನಲ್ಲಿದ್ದವರಿಗೆಲ್ಲ ಕೇಳಿಸಿತು. ಪಾಪ, ಕುಕ್ಕರ್ ಆಗಿನ್ನೂ ಉಸ್ ಅಂದಿರಲಿಲ್ಲ.

ಇವತ್ತು ಅತ್ತೆ ಹುಷಾರಾಗಿದ್ದರು. ಅಸಲಿ ವಿಷಲ್ ಕೂಗಿದಾಗಲೆಲ್ಲ "ಊದಬೇಡ ಅಂದ್ನಲ್ವೇನೋ!" ಎಂದು ಮೊಮ್ಮಗನನ್ನು ಗದರಿದರು. ಅವನು ಸ್ಕೂಲಿನಲ್ಲಿದ್ದ. ಅನ್ನ ತಳ ಹಿಡಿಯಿತು.

ಬೈಯೋಣ ಅಂದರೆ ತಾತನ ಮುಖ ನೆನಪಾಗುತ್ತದೆ. ಗಾಡಿಯ ಹಿಂದೆ ಓಡಿದ್ದನ್ನು ಹೇಳುವಾಗ ಅವರ ಕೈಯೆಲ್ಲ ಕುಣಿಯುತ್ತದೆ. ನಮ್ಮೂರಿಗೆ ಸಿನಿಮಾ ಪ್ರಚಾರದ ಜೀಪು ಬರುತ್ತಿತ್ತು. ಮೈಕಿನವನು ಎಸೆಯುವ ಗುಲಾಬಿ, ಹಳದಿ ನೋಟೀಸಿಗೆ ನಾವೂ ಹಾಗೇ ಧೂಳಿನಲ್ಲಿ ಬಿದ್ದು ಎದ್ದು ಓಡುತ್ತಿದ್ದೆವು. ಒಂದನ್ನಾದರೂ ಎತ್ತಿಟ್ಟುಕೊಳ್ಳಬೇಕಿತ್ತು ಅಂತ ಈಗ ಅನಿಸುತ್ತದೆ.

ಸಂಜೆ ತಾತ ಬೇಲಿಯಾಚೆಯಿಂದ ಕೈ ಬೀಸಿ ಕರೆದರು. ಅಟ್ಟದಲ್ಲಿ ಇನ್ನೊಂದು ಸಿಕ್ಕಿದೆಯಂತೆ. "ಚಿಕ್ಕವಳಿಗೆ ಬೇಜಾರಾಗಬಾರದಲ್ಲ?" ಅಂದರು.